ಕುದುರೆಗಳಲ್ಲಿ ಅಂಟುರೋಗ ಹರಡದಂತೆ ತಡೆಯುವುದು: ಮೈಸೂರು, ಮಂಡ್ಯದ ಕುದುರೆ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಟಾಂಗಾ ಓಡಿಸುವವರು, ಮದುವೆಗೆ ಸಾರೋಟು ಕಳಿಸುವವರು, ಸವಾರಿ ಕಲಿಸುವವರು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಮನೆ ಹಿಂದೆ ಒಂದೆರಡು ಕುದುರೆ ಕಟ್ಟಿಕೊಂಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ದೊಡ್ಡ ಲಾಯ, ಕರೆದಾಗ ಬರುವ ಸ್ವಂತ ಡಾಕ್ಟರ್ ಇರುವವರಿಗೆ ಇದರಲ್ಲಿ ಹೊಸದು ಕಡಿಮೆ. ಕುದುರೆಯ ದುಡಿಮೆಯಿಂದಲೇ ಮನೆ ನಡೆಸುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇವೆ. ಔಷಧದ ಪ್ರಮಾಣವನ್ನು ಬೇಕೆಂದೇ ಬಿಟ್ಟಿದ್ದೇವೆ. ಅದನ್ನು ಕುದುರೆಯನ್ನು ಕಣ್ಣಾರೆ ನೋಡಿದ ಪಶುವೈದ್ಯರೇ ಹೇಳಬೇಕು.

ನನ್ನ ಹತ್ತಿರ ಇರೋದು ಒಂದೇ ಕುದುರೆ. ನನಗೂ ಇದೆಲ್ಲ ಬೇಕಾ?

ಬೇಕು. ಒಂದೇ ಕುದುರೆ ಇದ್ದರೂ ಅದು ಟಾಂಗಾ ಸ್ಟ್ಯಾಂಡಿನಲ್ಲಿ ಇನ್ನೊಂದರ ಪಕ್ಕ ನಿಲ್ಲುತ್ತದೆ, ಅದೇ ತೊಟ್ಟಿಯ ನೀರು ಕುಡಿಯುತ್ತದೆ. ಲಾಳ ಕಟ್ಟುವವರು ಬೆಳಿಗ್ಗೆ ಬೇರೆ ಕುದುರೆಯ ಕಾಲು ಹಿಡಿದು ಮಧ್ಯಾಹ್ನ ನಿಮ್ಮಲ್ಲಿಗೆ ಬರುತ್ತಾರೆ. ಹತ್ತು ಕುದುರೆ ಇರುವವರಿಗೆ ಒಂದು ಮಲಗಿದರೆ ಒಂಬತ್ತು ದುಡಿಯುತ್ತವೆ. ನಿಮಗೆ ಹಾಗಲ್ಲ. ಆದ್ದರಿಂದ ಜಾಸ್ತಿ ಎಚ್ಚರ ಬೇಕಿರುವುದು ನಿಮಗೇ.

ರೋಗ ಒಂದು ಕುದುರೆಯಿಂದ ಇನ್ನೊಂದಕ್ಕೆ ಹೋಗುವುದು ಹೇಗೆ?

ದಾರಿಗಳು ನಾಲ್ಕೈದೇ. ಮೂಗಿಗೆ ಮೂಗು ತಾಗಿಸಿದಾಗ. ಕೆಮ್ಮಿದಾಗ ಗಾಳಿಯಲ್ಲಿ. ಒಂದೇ ನೀರು, ಒಂದೇ ಮೇವಿನ ಚೀಲದಿಂದ. ಕಚ್ಚುವ ನೊಣ, ಸೊಳ್ಳೆಗಳಿಂದ. ಇವೆಲ್ಲಕ್ಕಿಂತ ಹೆಚ್ಚಾಗಿ ಜನ ಮರೆಯುವುದು ಮನುಷ್ಯರ ಕೈ, ಬಟ್ಟೆ, ಚಪ್ಪಲಿ. ಸಿಂಬಳ ಒರೆಸಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪಕ್ಕದ ಕುದುರೆಯ ಲಗಾಮು ಹಿಡಿದರೆ, ರೋಗವನ್ನು ನಾವೇ ಹೊತ್ತುಕೊಂಡು ಹೋಗಿ ಕೊಟ್ಟಂತೆ ಆಯಿತು. ಕುದುರೆ ಕಟ್ಟಿದ ಜಾಗ ಬಿಟ್ಟು ಹೋಗುವುದಿಲ್ಲ. ಓಡಾಡುವವರು ನಾವು.

ಕುದುರೆ ಕುದುರೆ ನಡುವೆ ಹತ್ತು ಮೀಟರ್, ಅಂದರೆ ಸುಮಾರು ಮೂವತ್ತು ಅಡಿ ಅಂತರ ಇಟ್ಟರೆ ಮೂಗಿನ ಸ್ರಾವದಿಂದ ಹರಡುವ ರೋಗಗಳ ಅಪಾಯ ಬಹಳ ಇಳಿಯುತ್ತದೆ. ಇನ್‌ಫ್ಲುಯೆಂಜಾ (ಕುದುರೆಗಳ ಫ್ಲೂ) ಮಾತ್ರ ಇದಕ್ಕಿಂತ ದೂರ ಹೋಗಬಲ್ಲದು, ಗಾಳಿ ಬೀಸುವ ಕಡೆಗೆ.

ಸ್ಟ್ಯಾಂಡಿನಲ್ಲಿ ಎಲ್ಲರೂ ಒಂದೇ ತೊಟ್ಟಿಯಲ್ಲಿ ನೀರು ಕುಡಿಸುತ್ತೇವೆ. ತಪ್ಪಾ?

ಬಾಯಾರಿದ ಪ್ರಾಣಿಗಳಿಗೆ ನೀರು ಸಿಗಲಿ ಎಂದು ಊರಿನಲ್ಲಿ ತೊಟ್ಟಿ ಕಟ್ಟಿಸಿದವರ ಮನಸ್ಸು ದೊಡ್ಡದು. ಆದರೆ ಅಂಟುರೋಗದ ಮಟ್ಟಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಕುದುರೆ ನೀರು ಕುಡಿಯುವಾಗ ಮೂತಿಯನ್ನು ನೀರಿನಲ್ಲಿ ಮುಳುಗಿಸುತ್ತದೆ. ಮೂಗಿನಲ್ಲಿ ಏನಿದೆಯೋ ಅದೆಲ್ಲ ನೀರಿಗೆ ಸೇರುತ್ತದೆ. ಗಂಟಲ ಹತ್ತಿರ ಕೀವುಗಂಟು ಏಳಿಸುವ ಸ್ಟ್ರಾಂಗಲ್ಸ್ ರೋಗ ತರುವ ಬ್ಯಾಕ್ಟೀರಿಯಾ ಬಿಸಿಲಿಗೆ ಒಣಗಿದ ಜಾಗದಲ್ಲಿ ಕೆಲವೇ ದಿನದಲ್ಲಿ ಸಾಯುತ್ತದೆ, ತೊಟ್ಟಿ ನೀರಿನಲ್ಲಾದರೆ ವಾರಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೂ ಅಂಟುವ ಗ್ಲ್ಯಾಂಡರ್ಸ್ ರೋಗ ಹರಡುವ ಮುಖ್ಯ ದಾರಿಗಳಲ್ಲಿ ಒಂದು ಈ ಹಂಚಿಕೊಂಡ ನೀರು.

ಪರಿಹಾರ ಸುಲಭ. ಪ್ರತಿ ಕುದುರೆಗೆ ಒಂದು ಬಕೇಟು. ಅದರ ಮೇಲೆ ಬಣ್ಣದಲ್ಲಿ ಕುದುರೆಯ ಹೆಸರು ಬರೆಯಿರಿ, ಇಲ್ಲವೇ ಒಂದೊಂದಕ್ಕೆ ಒಂದೊಂದು ಬಣ್ಣದ ಬಕೇಟು ತನ್ನಿ. ಟಾಂಗಾದ ಕೆಳಗೆ ನೇತುಹಾಕಿಕೊಂಡು ಹೋಗಿ. ನಲ್ಲಿ ನೀರನ್ನು ಹಿಡಿದು ಕುಡಿಸಿ. ಹಿಡಿಯುವಾಗ ಪೈಪಿನ ತುದಿ ಬಕೇಟಿನ ನೀರಿನಲ್ಲಿ ಮುಳುಗದಿರಲಿ. ಒಂದು ಬಕೇಟಿನಿಂದ ಇನ್ನೊಂದಕ್ಕೆ ಪೈಪು ಮುಳುಗಿಸುತ್ತಾ ಹೋದರೆ ಬೇರೆ ಬೇರೆ ಬಕೇಟು ಇಟ್ಟೂ ಪ್ರಯೋಜನ ಇಲ್ಲ. ಈ ಪಟ್ಟಿಯಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಇದನ್ನೇ ಮಾಡಿ.

ದಿನಾ ನೋಡಬೇಕಾದ್ದು ಏನು?

ಬೆಳಿಗ್ಗೆ ಗಾಡಿ ಕಟ್ಟುವ ಮೊದಲು ಐದು ನಿಮಿಷ. ರಾತ್ರಿ ಹಾಕಿದ ಹುರುಳಿ, ಹುಲ್ಲು ಮುಗಿಸಿದೆಯಾ? ಲದ್ದಿ ಎಂದಿನಂತಿದೆಯಾ? ಮೂಗಿನ ಹೊಳ್ಳೆ ಒಣಗಿದೆಯಾ, ಸೋರುತ್ತಿದೆಯಾ? ದವಡೆಯ ಕೆಳಗೆ ಎರಡು ಕೈಯಲ್ಲಿ ಮುಟ್ಟಿ ನೋಡಿ, ಗಂಟು ಸಿಕ್ಕಿತಾ? ಕಾಲಲ್ಲಿ, ಹೊಟ್ಟೆಯ ಕೆಳಗೆ ಬಾವು ಇದೆಯಾ?

ಆಮೇಲೆ ಥರ್ಮಾಮೀಟರ್. ಮೆಡಿಕಲ್ ಶಾಪಿನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ, ಹಿಂದೆ ನಿಲ್ಲದೆ ಪಕ್ಕದಲ್ಲಿ ನಿಂತು, ಬಾಲ ಸರಿಸಿ ಗುದದ್ವಾರದಲ್ಲಿ ಇಡಿ. ಒಂದು ದಾರ ಕಟ್ಟಿ ಕ್ಲಿಪ್ಪಿನಿಂದ ಬಾಲದ ಕೂದಲಿಗೆ ಸಿಕ್ಕಿಸಿದರೆ ಬೀಳುವುದಿಲ್ಲ. ದೊಡ್ಡ ಕುದುರೆಗೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮರಿಗಳಿಗೆ ಸ್ವಲ್ಪ ಹೆಚ್ಚಿರುತ್ತದೆ. ಓಡಿಬಂದ ಕುದುರೆಗೆ, ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕುದುರೆಗೆ ಏರಿರುತ್ತದೆ. ಅದಕ್ಕೇ ಬೆಳಿಗ್ಗೆ, ಕೆಲಸಕ್ಕೆ ಮೊದಲು ನೋಡಬೇಕು. ಸುಮ್ಮನೆ ನಿಂತ ಕುದುರೆಗೆ 101.5 ದಾಟಿದರೆ ಜ್ವರ ಎಂದೇ ಲೆಕ್ಕ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಕುದುರೆಯ ಮಾಮೂಲಿ ಎಷ್ಟು ಎಂದು ಗೊತ್ತಿದ್ದರೆ ಮಾತ್ರ ಏರಿದ್ದು ಗೊತ್ತಾಗುತ್ತದೆ.

ಥರ್ಮಾಮೀಟರ್‌ಗೆ ಇಷ್ಟು ಮಹತ್ವ ಕೊಡುವುದು ಯಾಕೆ?

ಯಾಕೆಂದರೆ ಜ್ವರ ಮೊದಲು ಬರುತ್ತದೆ, ಸಿಂಬಳ ಆಮೇಲೆ. ಸ್ಟ್ರಾಂಗಲ್ಸ್‌ನಲ್ಲಿ ಇದು ತುಂಬಾ ಸ್ಪಷ್ಟ. ಜ್ವರ ಶುರುವಾದ ಮೇಲೆ ಮೂಗಿನಿಂದ ರೋಗಾಣು ಹೊರಬೀಳಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಜ್ವರ ಕಂಡ ದಿನವೇ ಆ ಕುದುರೆಯನ್ನು ಬೇರೆ ಕಟ್ಟಿದರೆ, ಅದು ಬೇರೆಯವಕ್ಕೆ ಅಂಟಿಸುವ ಮೊದಲೇ ನೀವು ದಾರಿ ಮುಚ್ಚಿದಿರಿ. ಸಿಂಬಳ ಬರುವವರೆಗೆ ಕಾಯುತ್ತಾ ಕೂತರೆ ಆ ಎರಡು ದಿನ ಕೈ ತಪ್ಪಿತು. ಲಾಯದಲ್ಲಿ ಒಂದಕ್ಕೆ ರೋಗ ಕಂಡಾಗ ಉಳಿದ ಎಲ್ಲ ಕುದುರೆಗಳಿಗೂ ದಿನಕ್ಕೆ ಎರಡು ಸಲ ಜ್ವರ ನೋಡಿ ಅನ್ನುವುದೂ ಇದಕ್ಕೇ.

ಜ್ವರ ಇದೆ. ಡಾಕ್ಟರ್ ಬರುವವರೆಗೆ ಏನು ಮಾಡಲಿ?

ಕೆಲಸ ನಿಲ್ಲಿಸಿ. ಅವತ್ತಿನ ಬಾಡಿಗೆ ಹೋಯಿತು ಅನ್ನುವ ಸಂಕಟ ನಮಗೆ ಅರ್ಥವಾಗುತ್ತದೆ, ಆದರೂ ನಿಲ್ಲಿಸಿ. ಉಳಿದ ಕುದುರೆಗಳಿಂದ ದೂರ, ನೆರಳಿರುವ ಕಡೆ ಕಟ್ಟಿ. ಅದರ ಬಕೇಟು, ಹಗ್ಗ, ಬ್ರಷ್, ಮೈ ಒರೆಸುವ ಬಟ್ಟೆ ಎಲ್ಲವೂ ಬೇರೆ. ಸಾಧ್ಯವಾದರೆ ಅದನ್ನು ನೋಡಿಕೊಳ್ಳಲು ಬೇರೆ ಆಳು ಇರಲಿ, ಇಲ್ಲದಿದ್ದರೆ ಆರೋಗ್ಯವಾಗಿರುವ ಕುದುರೆಗಳ ಕೆಲಸ ಮೊದಲು ಮುಗಿಸಿ, ಕಾಯಿಲೆಯದರ ಹತ್ತಿರ ಕೊನೆಗೆ ಹೋಗಿ. ಬಂದ ಮೇಲೆ ಸೋಪು ಹಾಕಿ ಕೈ ತೊಳೆದು, ಅಂಗಿ ಬದಲಿಸಿ, ಆಮೇಲೆ ಮನೆಯೊಳಗೆ ಹೋಗಿ. ಲಾಯದಿಂದ ಬೇರೆ ಯಾವ ಕುದುರೆಯೂ ಹೊರಗೆ ಹೋಗಬಾರದು, ಒಳಗೂ ಬರಬಾರದು.

ಜ್ವರ ಇಳಿಸುವ ಇಂಜೆಕ್ಷನ್ ನೀವೇ ಕೊಡಬೇಡಿ. ಜ್ವರ ಇಳಿದಿದ್ದು ನೋಡಿ ವಾಸಿಯಾಯಿತು ಅಂತ ಮತ್ತೆ ಗಾಡಿ ಕಟ್ಟುತ್ತೀರಿ. ರೋಗ ಒಳಗೇ ಇರುತ್ತದೆ, ಡಾಕ್ಟರಿಗೂ ಸುಳಿವು ಸಿಗುವುದಿಲ್ಲ.

ಮೂಗು ಸೋರೋದು ಸುಮ್ನೆ ನೆಗಡಿ ಅಲ್ವಾ?

ಕೆಲವೊಮ್ಮೆ ಧೂಳು ಹುಲ್ಲಿನಿಂದಲೂ ಸೋರುತ್ತದೆ. ಆದರೆ ಮೂಗಿನ ಸ್ರಾವದ ಹಿಂದೆ ಇರಬಹುದಾದ ಕಾಯಿಲೆಗಳಲ್ಲಿ ಮೂರು ಗೊತ್ತಿರಲಿ.

ಇನ್‌ಫ್ಲುಯೆಂಜಾ ವೈರಸ್‌ನಿಂದ ಬರುತ್ತದೆ. ಸೋಂಕು ತಗುಲಿ ಒಂದರಿಂದ ಮೂರು ದಿನದಲ್ಲೇ ಜೋರು ಜ್ವರ, ಒಣ ಕೆಮ್ಮು. ಇವತ್ತು ಒಂದು ಕುದುರೆ ಕೆಮ್ಮಿದರೆ ನಾಳೆ ನಾಡಿದ್ದರಲ್ಲಿ ಇಡೀ ಲಾಯ ಕೆಮ್ಮುತ್ತದೆ. ಭಾರತದಲ್ಲಿ 1987ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಇದು ದೊಡ್ಡದಾಗಿ ಹಬ್ಬಿತ್ತು. ಸಾಯುವುದು ಕಡಿಮೆ. ಆದರೆ ಪೂರ್ತಿ ಗುಣವಾಗದೆ ದುಡಿಸಿದರೆ ಶ್ವಾಸಕೋಶ ಕೆಡುತ್ತದೆ. ಎಷ್ಟು ದಿನ ಜ್ವರ ಇತ್ತೋ ಅಷ್ಟು ವಾರ ವಿಶ್ರಾಂತಿ ಅನ್ನುವುದು ಕುದುರೆ ವೈದ್ಯರು ಹೇಳುವ ಲೆಕ್ಕ.

ಸ್ಟ್ರಾಂಗಲ್ಸ್ ಬ್ಯಾಕ್ಟೀರಿಯಾದಿಂದ. ಸೋಂಕು ತಗುಲಿ 3ರಿಂದ 14 ದಿನದಲ್ಲಿ ಜ್ವರ, ಆಮೇಲೆ ಗಟ್ಟಿ ಹಳದಿ ಸಿಂಬಳ, ದವಡೆ ಕೆಳಗೆ, ಗಂಟಲ ಹತ್ತಿರ ಕೀವು ತುಂಬಿದ ಗಂಟು. ನುಂಗಲು ಕಷ್ಟ, ಕತ್ತು ಚಾಚಿಕೊಂಡು ನಿಲ್ಲುತ್ತದೆ.

ಮೂರನೆಯದು ಗ್ಲ್ಯಾಂಡರ್ಸ್. ಅದಕ್ಕೆ ಬೇರೆಯೇ ಉತ್ತರ ಬೇಕು, ಮುಂದೆ ಇದೆ.

ಸ್ಟ್ರಾಂಗಲ್ಸ್ ಗಂಟು ಒಡೆದು ಕೀವು ಹೋಯಿತು. ಇನ್ನು ಬೇರೆ ಕುದುರೆ ಜೊತೆ ಬಿಡಬಹುದಾ?

ಇಲ್ಲ. ಗಂಟು ಒಡೆದರೆ ಕುದುರೆಗೆ ಆರಾಮ, ಆದರೆ ಆ ಕೀವಿನ ಪ್ರತಿ ಹನಿಯಲ್ಲೂ ರೋಗಾಣು ತುಂಬಿರುತ್ತದೆ. ಬಟ್ಟೆ, ಹತ್ತಿ, ಕೀವು ಬಿದ್ದ ಹುಲ್ಲು ಎಲ್ಲವನ್ನೂ ಸುಡಿ. ತಿಪ್ಪೆಗೆ ಎಸೆಯಬೇಡಿ. ನೀವೇ ಬ್ಲೇಡಿನಲ್ಲಿ ಕೊಯ್ಯಬೇಡಿ, ಹಣ್ಣಾಗದ ಗಂಟನ್ನು ಕೊಯ್ದರೆ ಇನ್ನೊಂದು ತೊಂದರೆ.

ಮೇಲೆ ನೋಡಲು ಚೆನ್ನಾಗಿರುವ ಕುದುರೆಯೂ ವಾರಗಟ್ಟಲೆ ರೋಗ ಹರಡುತ್ತಿರುತ್ತದೆ. ಸುಮಾರು ಹತ್ತರಲ್ಲಿ ಒಂದು ಕುದುರೆ ಇನ್ನೂ ಮುಂದೆ ಹೋಗಿ, ಗಂಟಲ ಹಿಂದಿರುವ ಗಾಳಿಚೀಲಗಳಲ್ಲಿ ರೋಗಾಣುವನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿರುತ್ತದೆ. ಕೆಮ್ಮಿಲ್ಲ, ಜ್ವರ ಇಲ್ಲ, ಹೊಳೆಯುವ ಮೈ. ಅದನ್ನು ಕೊಂಡವರ ಲಾಯದಲ್ಲಿ ಮಾತ್ರ ಮತ್ತೆ ರೋಗ ಏಳುತ್ತದೆ. ಹಾಗಾಗಿ ವಾರಕ್ಕೊಂದರಂತೆ ಮೂರು ಸಲ ಸ್ವಾಬ್ (ಮೂಗು, ಗಂಟಲಿನ ದ್ರವ ತೆಗೆದು ಮಾಡುವ) ಪರೀಕ್ಷೆ ಮಾಡಿಸಿ ಮೂರೂ ಶುದ್ಧ ಬರಬೇಕು, ಇಲ್ಲವೇ ಆ ಗಾಳಿಚೀಲಗಳನ್ನು ಎಂಡೋಸ್ಕೋಪ್ (ಕ್ಯಾಮೆರಾ ಇರುವ ಕೊಳವೆ) ಹಾಕಿ ನೋಡಬೇಕು. ಎಂಡೋಸ್ಕೋಪ್ ಎಲ್ಲರಿಗೂ ಎಟುಕುವುದಿಲ್ಲ, ಒಪ್ಪುತ್ತೇವೆ. ಸಿಂಬಳ ಪೂರ್ತಿ ನಿಂತ ಮೇಲೂ ಆರು ವಾರ ಬೇರೆ ಕಟ್ಟಿ, ಡಾಕ್ಟರ್ ಸೈ ಅಂದ ಮೇಲೆ ಸೇರಿಸಿ.

ಗ್ಲ್ಯಾಂಡರ್ಸ್ ಅಂದರೆ ಎಲ್ಲರೂ ಯಾಕೆ ಹೆದರುತ್ತಾರೆ?

ಹೆದರಲು ಕಾರಣ ಇದೆ. ಇದಕ್ಕೆ ಲಸಿಕೆ ಇಲ್ಲ. ಕುದುರೆಗೆ ಚಿಕಿತ್ಸೆ ಕೊಡುವ ಹಾಗಿಲ್ಲ, ಔಷಧ ಕೊಟ್ಟರೂ ರೋಗಾಣು ಒಳಗೆ ಉಳಿದು ಹರಡುತ್ತಲೇ ಇರುತ್ತದೆ. ಮನುಷ್ಯರಿಗೂ ಅಂಟುತ್ತದೆ. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಮನುಷ್ಯರಿಗೆ ಜೀವಕ್ಕೇ ಅಪಾಯ.

ಕುದುರೆಯಲ್ಲಿ ಕಾಣುವುದು ಹೀಗೆ. ಮೂಗಿನ ಒಂದು ಅಥವಾ ಎರಡೂ ಹೊಳ್ಳೆಯಿಂದ ಅಂಟಂಟಾದ ಹಳದಿ ಸ್ರಾವ, ಕೆಲವೊಮ್ಮೆ ರಕ್ತ ಬೆರೆತದ್ದು. ಮೂಗಿನೊಳಗೆ ಹುಣ್ಣು. ಕಾಲಿನ ಒಳಭಾಗದಲ್ಲಿ, ಹೆಚ್ಚಾಗಿ ಹಿಂಗಾಲಲ್ಲಿ, ಸಾಲಾಗಿ ಗಂಟುಗಳು ಎದ್ದು ಒಡೆದು ಎಣ್ಣೆಯಂಥ ಕೀವು. ಕತ್ತೆ, ಹೇಸರಗತ್ತೆಗಳಲ್ಲಿ ಇದು ಜೋರಾಗಿ ಬಂದು ಬೇಗ ಕೊಲ್ಲುತ್ತದೆ. ಕುದುರೆಯಲ್ಲಿ ನಿಧಾನ. ಸ್ವಲ್ಪ ಬಡಕಲಾದ, ಆಗಾಗ ಕೆಮ್ಮುವ ಕುದುರೆ ಎಂದು ಜನ ಸುಮ್ಮನಿರುತ್ತಾರೆ, ಅದು ತಿಂಗಳುಗಟ್ಟಲೆ ಹಂಚುತ್ತಾ ಇರುತ್ತದೆ.

ಇದರ ಕ್ರೂರತನ ಸೇನೆಗಳಿಗೆ ಮೊದಲೇ ಗೊತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಗೂಢಚಾರರು ಶತ್ರು ದೇಶಗಳ ಕುದುರೆ, ಹೇಸರಗತ್ತೆಗಳಿಗೆ ಇದೇ ರೋಗಾಣುವನ್ನು ಬೇಕೆಂದೇ ಅಂಟಿಸುವ ಕೆಲಸ ಮಾಡಿದ್ದರು. ನಮ್ಮ ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಕುದುರೆ ಮೇಲೆ ಹೋರಾಡಿದ್ದು ಅದೇ ಯುದ್ಧದಲ್ಲಿ. ಕುದುರೆ ಬಿದ್ದರೆ ಸೇನೆಯೇ ನಿಲ್ಲುತ್ತಿದ್ದ ಕಾಲ ಅದು.

ಪರೀಕ್ಷೆಗೆ ರಕ್ತ ತೆಗೆದು ಕಳಿಸುತ್ತಾರೆ. ಈ ರೋಗದ ಪರೀಕ್ಷೆಗೆ ದೇಶದ ಮುಖ್ಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ. ಫಲಿತಾಂಶ ಬರುವವರೆಗೆ ಕುದುರೆ ಕದಲಬಾರದು.

ತಿಳಿಸಿದರೆ ಕುದುರೆಯನ್ನು ಕೊಂದುಹಾಕುತ್ತಾರೆ. ಮತ್ತೆ ಯಾಕೆ ತಿಳಿಸಬೇಕು?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಇದನ್ನು ಕೇಳುವವರ ಕಣ್ಣಲ್ಲಿ ನೀರು ಇರುತ್ತದೆ.

ಹೌದು, ಗ್ಲ್ಯಾಂಡರ್ಸ್ ಖಚಿತವಾದರೆ ಆ ಕುದುರೆಗೆ ನೋವಿಲ್ಲದ ಹಾಗೆ ದಯಾಮರಣ ಕೊಡುತ್ತಾರೆ, ಆಳವಾದ ಗುಂಡಿಯಲ್ಲಿ ಹೂಳುತ್ತಾರೆ. 2009ರ ಪ್ರಾಣಿಗಳ ಅಂಟುರೋಗ ತಡೆ ಕಾಯ್ದೆಯಲ್ಲಿ ಗ್ಲ್ಯಾಂಡರ್ಸ್ ಹೆಸರಿದೆ. ಅನುಮಾನ ಬಂದರೆ ತಿಳಿಸುವುದು ಮಾಲೀಕರ ಕರ್ತವ್ಯ ಎಂದು ಕಾನೂನು ಹೇಳುತ್ತದೆ. ಹೀಗೆ ಕಳೆದುಕೊಂಡ ಕುದುರೆಗೆ ಸರ್ಕಾರದಿಂದ ಪರಿಹಾರ ಕೊಡುವ ವ್ಯವಸ್ಥೆಯೂ ಇದೆ. ಕೇಳಿ ಪಡೆಯಿರಿ, ಅದು ಭಿಕ್ಷೆ ಅಲ್ಲ. ಆ ಹಣದಲ್ಲಿ ಜೊತೆಗೆ ದುಡಿದ ಪ್ರಾಣಿ ವಾಪಸ್ ಬರುವುದಿಲ್ಲ ಎಂದೂ ಗೊತ್ತು.

ಮುಚ್ಚಿಟ್ಟರೆ ಏನಾಗುತ್ತದೆ ನೋಡಿ. ಕುದುರೆ ಉಳಿಯುವುದಿಲ್ಲ, ನಿಧಾನವಾಗಿ ನರಳಿ ಸಾಯುತ್ತದೆ. ಅಷ್ಟರಲ್ಲಿ ಸ್ಟ್ಯಾಂಡಿನ ಉಳಿದ ಕುದುರೆಗಳಿಗೆ ಹೋಗಿರುತ್ತದೆ. ಅದರ ಮೈ ಉಜ್ಜುವ ನಿಮ್ಮ ಮಗನಿಗೂ ಅಂಟಬಹುದು. ಒಂದನ್ನು ಕಳೆದುಕೊಳ್ಳುವ ಕಡೆ ಇಡೀ ಬೀದಿಯೇ ಕಳೆದುಕೊಳ್ಳುತ್ತದೆ. ರಾತ್ರೋರಾತ್ರಿ ಬೇರೆ ಊರಿನ ಸಂತೆಗೆ ಸಾಗಿಸಿ ಮಾರುವುದಂತೂ ಅನ್ಯಾಯ. ಇನ್ನೊಬ್ಬ ಬಡವನ ಮನೆಗೆ ತಿಳಿದೂ ತಿಳಿದೂ ಕಾಯಿಲೆ ಕಳಿಸಿದ ಹಾಗೆ.

ತಿಳಿಸಿದವರನ್ನು ಬೇರೆಯವರು ದೂರ ಇಡುತ್ತಾರೆ, ಬೈಯುತ್ತಾರೆ ಅನ್ನುವ ಭಯವೂ ಇದೆ. ಸ್ಟ್ಯಾಂಡಿನ ಹಿರಿಯರು ಇಲ್ಲಿ ಮುಂದೆ ಬರಬೇಕು. ಹೇಳಿದವನು ಎಲ್ಲರನ್ನೂ ಉಳಿಸಿದ ಎಂದು ಹತ್ತು ಜನರ ಮುಂದೆ ಹೇಳಿ. ಆ ಮನೆಗೆ ಒಂದು ತಿಂಗಳು ಕೈಲಾದಷ್ಟು ಸಹಾಯ ಮಾಡಿ. ಆಗ ಮುಂದಿನವನು ಮುಚ್ಚಿಡುವುದಿಲ್ಲ.

ಹೊಸ ಕುದುರೆ ತಂದಿದ್ದೇವೆ. ಎಷ್ಟು ದಿನ ಬೇರೆ ಇಡಬೇಕು?

ಮೂರು ವಾರ. ಎರಡು ವಾರಕ್ಕಿಂತ ಕಡಿಮೆ ಬೇಡವೇ ಬೇಡ. ಸ್ಟ್ರಾಂಗಲ್ಸ್ ಕಾಣಿಸಿಕೊಳ್ಳಲು ಹದಿನಾಲ್ಕು ದಿನ ಹಿಡಿಯಬಹುದು ಎಂದು ಮೇಲೆ ಹೇಳಿದೆವಲ್ಲ, ಅದಕ್ಕೆ. ಆ ಮೂರು ವಾರವೂ ಬೆಳಿಗ್ಗೆ, ಸಂಜೆ ಜ್ವರ ನೋಡಿ ಬರೆದಿಡಿ. ಕೊಳ್ಳುವ ಮೊದಲೇ ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ ಕೇಳಿ. ವರದಿ ಇಲ್ಲದ ಕುದುರೆ ಅಗ್ಗಕ್ಕೆ ಸಿಗುತ್ತದೆ ಅಂದರೆ ಆ ಅಗ್ಗದ ಹಿಂದೆ ಏನಿದೆ ಎಂದು ಯೋಚಿಸಿ. ಜೊತೆಗೆ ಬಂದ ಲಗಾಮು, ಜೀನು, ಕಂಬಳಿಯನ್ನು ತೊಳೆದು ಬಿಸಿಲಿಗೆ ಹಾಕದೆ ಬಳಸಬೇಡಿ.

ನಮ್ಮದು ಗಲ್ಲಿಯೊಳಗಿನ ಮನೆ. ಮೂವತ್ತು ಅಡಿ ದೂರ ಎಲ್ಲಿಂದ ತರೋದು?

ನಿಜ, ಬಹಳ ಮನೆಗಳಲ್ಲಿ ಆಗುವುದಿಲ್ಲ. ಹಾಗಿದ್ದರೆ ಎರಡು ಕುದುರೆಗಳ ನಡುವೆ ಎತ್ತರದ ತಡಿಕೆ ಅಥವಾ ತಗಡು ಕಟ್ಟಿ, ಮೂಗಿಗೆ ಮೂಗು ತಾಗದಿರಲಿ. ಗಾಳಿ ಆಡಲು ಮೇಲೆ ಬಿಡಿ. ಸುತ್ತ ಮುಚ್ಚಿದ ಉಸಿರುಗಟ್ಟುವ ಜಾಗ ಇನ್ನೂ ಕೆಟ್ಟದ್ದು. ಇದಕ್ಕಿಂತ ಒಳ್ಳೆಯದು, ಸ್ಟ್ಯಾಂಡಿನವರೆಲ್ಲ ಸೇರಿ ಊರ ಹೊರಗೆ ಯಾರದ್ದಾದರೂ ತೋಟದಲ್ಲಿ ಎರಡು ಕುದುರೆ ಕಟ್ಟುವಷ್ಟು ಜಾಗ ಗೊತ್ತು ಮಾಡಿಕೊಳ್ಳುವುದು. ಹೊಸದು ಬಂದಾಗ, ಕಾಯಿಲೆ ಬಂದಾಗ ಎಲ್ಲರಿಗೂ ಉಪಯೋಗ. ಎರಡೂ ಒಟ್ಟಿಗೆ ಬಂದರೆ ಜಾಗ ಕಾಯಿಲೆಯದಕ್ಕೆ.

ದಸರಾ ಸಮಯದಲ್ಲಿ ಏನು ಎಚ್ಚರ?

ದಸರಾದಲ್ಲಿ ಊರೇ ಸೇರುತ್ತದೆ, ಕುದುರೆಗಳೂ ಸೇರುತ್ತವೆ. ಅಶ್ವಾರೋಹಿ ಪೊಲೀಸರ ಕುದುರೆಗಳಿಗೆ ಅವರದೇ ವೈದ್ಯರು, ಅವರದೇ ಶಿಸ್ತು ಇದೆ. ತೊಂದರೆ ಇರುವುದು ಅರಮನೆ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಗಾಡಿಗಳಿಗೆ. ಬೇರೆ ಊರಿನಿಂದ ಬಂದ ಕುದುರೆಗಳೂ ಆಗ ಸಾಲಿನಲ್ಲಿ ನಿಂತಿರುತ್ತವೆ. ಕಿರಂಗೂರು ಬನ್ನಿಮಂಟಪದಿಂದ ಹೊರಡುವ ಶ್ರೀರಂಗಪಟ್ಟಣದ ದಸರಾ ಮೆರವಣಿಗೆಗೆ ಹೋಗುವವರಿಗೂ ಇದೇ ಮಾತು. ಗಾಡಿಯ ನಡುವೆ ಒಂದು ಗಾಡಿಯಷ್ಟು ಜಾಗ ಬಿಡಿ. ನಿಮ್ಮ ಬಕೇಟು, ನಿಮ್ಮ ಹುಲ್ಲು ಮನೆಯಿಂದಲೇ ತನ್ನಿ. ಜನ ಕುದುರೆಯ ಮೂತಿ ಸವರಿ ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಮುಂದಿನ ಕುದುರೆಯನ್ನೂ ಸವರುತ್ತಾರೆ. ಕತ್ತು ಸವರಿ ಸಾರ್, ಮೂಗು ಮುಟ್ಟಬೇಡಿ ಎಂದು ನಗುತ್ತಲೇ ಹೇಳಬಹುದು. ಹಬ್ಬ ಮುಗಿದ ಮೇಲೆ ಎರಡು ವಾರ ಜ್ವರ ನೋಡುವುದನ್ನು ತಪ್ಪಿಸಬೇಡಿ.

ಕೆಮ್ಮುವ ಕುದುರೆಯನ್ನು ಮೆರವಣಿಗೆಗೆ, ಮದುವೆಗೆ ಕಳಿಸಬೇಡಿ. ಮುಂಗಡ ತೆಗೆದುಕೊಂಡಿದ್ದರೂ.

ರೇಸ್ ಕುದುರೆಗಳಿಗೂ ನಮ್ಮ ಕುದುರೆಗಳಿಗೂ ಏನು ಸಂಬಂಧ?

ಮೈಸೂರು ರೇಸ್ ಕ್ಲಬ್ 1891ರಿಂದ ಇದೆ. ರೇಸ್ ಕುದುರೆಗಳು ರೇಸಿಗಾಗಿ ಊರೂರು ತಿರುಗುತ್ತವೆ. ರೇಸ್ ಬಿಟ್ಟ ಕುದುರೆ ಸವಾರಿ ಶಾಲೆಗೋ ಸಾರೋಟಿಗೋ ಬರುವುದುಂಟು. ಬೆಳಿಗ್ಗೆ ಒಂದು ಲಾಯದಲ್ಲಿ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಆಗಿರುವ ಹುಡುಗ ಸಂಜೆ ಚಿಕ್ಕಪ್ಪನ ಟಾಂಗಾ ಕುದುರೆಯ ಮೈ ಉಜ್ಜುತ್ತಾನೆ. ರೋಗಕ್ಕೆ ದುಬಾರಿ ಕುದುರೆ, ಬಡ ಕುದುರೆ ಎಂಬ ಭೇದ ಇಲ್ಲ. ಎರಡು ಕಡೆಯವರೂ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಬೇಕು.

ಲಾಳ ಕಟ್ಟುವವರಿಗೆ ಏನು ಹೇಳಬೇಕು?

ಗೌರವದಿಂದ, ನೇರವಾಗಿ ಹೇಳಿ. ಅಣ್ಣ, ಮೊದಲು ಕೈ ತೊಳ್ಕೊಳ್ಳಿ, ಇಕ್ಕಳ, ಅರ ಇಲ್ಲಿ ಬಕೇಟಲ್ಲಿ ಅದ್ದಿ ತೊಳ್ಕೊಳ್ಳಿ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸೋಪಿನ ನೀರು, ಟವೆಲು ನೀವೇ ಇಟ್ಟಿರಿ. ನಿಮ್ಮಲ್ಲಿ ಕಾಯಿಲೆ ಇದ್ದರೆ ಅವರಿಗೆ ಮೊದಲೇ ಫೋನ್ ಮಾಡಿ ಬರಬೇಡಿ ಅನ್ನಿ.

ಫಿನಾಯಿಲ್ ಹಾಕಿದರೆ ಸಾಕಲ್ವಾ?

ಲದ್ದಿ, ಸಿಂಬಳ, ಮಣ್ಣು ಮೆತ್ತಿದ ಮೇಲೆ ಏನು ಸುರಿದರೂ ಕೆಲಸ ಮಾಡುವುದಿಲ್ಲ. ಕೊಳೆ ಔಷಧದ ಶಕ್ತಿಯನ್ನೇ ತಿಂದುಹಾಕುತ್ತದೆ. ಮೊದಲು ಕೆರೆದು ತೆಗೆಯಿರಿ. ಆಮೇಲೆ ಸೋಪು ನೀರು ಹಾಕಿ ಉಜ್ಜಿ. ತೊಳೆದು ಒಣಗಲು ಬಿಡಿ. ಇಷ್ಟಾದ ಮೇಲೆ ಬ್ಲೀಚ್. ಅಂಗಡಿಯ ದ್ರವ ಬ್ಲೀಚ್ ಒಂದು ಪಾಲಿಗೆ ಹತ್ತು ಪಾಲು ನೀರು, ಆವತ್ತಿನದು ಆವತ್ತೇ ಕಲಸಿ. ಹತ್ತು ನಿಮಿಷ ಬಿಟ್ಟು ತೊಳೆದು ಬಿಸಿಲಿಗೆ ಇಡಿ. ಬ್ಲೀಚಿಗೆ ಫಿನಾಯಿಲ್, ಆಸಿಡ್ ಬೆರೆಸಬೇಡಿ, ವಿಷದ ಹೊಗೆ ಏಳುತ್ತದೆ. ಕುದುರೆಯನ್ನು ಹೊರಗೆ ಕಟ್ಟಿ ಈ ಕೆಲಸ ಮಾಡಿ.

ಮಣ್ಣಿನ ನೆಲವನ್ನು ಪೂರ್ತಿ ಶುದ್ಧ ಮಾಡಲು ಆಗುವುದಿಲ್ಲ. ಮೇಲಿನ ಪದರ ತೆಗೆದು, ಸುಣ್ಣ ಹಾಕಿ, ಬಿಸಿಲು ಬೀಳುವಂತೆ ಮಾಡಿ. ನಮ್ಮ ಏಪ್ರಿಲ್ ಬಿಸಿಲು ಪುಕ್ಕಟೆ ಸಿಗುವ ಒಳ್ಳೆಯ ಔಷಧ.

ಯಾವ ಯಾವ ಲಸಿಕೆ ಹಾಕಿಸಬೇಕು?

ಧನುರ್ವಾಯು ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ, ಆದರೂ ಅದರ ಲಸಿಕೆಯನ್ನೇ ಮೊದಲು ಹೇಳುತ್ತೇವೆ. ಕಾಲಿಗೆ ಮೊಳೆ ಚುಚ್ಚುವುದು ದಿನನಿತ್ಯದ ಮಾತು, ಧನುರ್ವಾಯು ಬಂದ ಕುದುರೆ ಉಳಿಯುವುದು ಕಷ್ಟ. ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಹುಚ್ಚುನಾಯಿ ರೋಗದ ಲಸಿಕೆಯೂ ವರ್ಷಕ್ಕೊಮ್ಮೆ. ಬೀದಿನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ತಕ್ಷಣ ಡಾಕ್ಟರಿಗೆ ಹೇಳಿ. ಊರೂರು ತಿರುಗುವ ಕುದುರೆಗೆ ಇನ್‌ಫ್ಲುಯೆಂಜಾ, ಗಬ್ಬದ ಕುದುರೆಗೆ ಹರ್ಪಿಸ್ ಲಸಿಕೆ ಬೇಕಾ ಎಂದು ಡಾಕ್ಟರನ್ನು ಕೇಳಿ. ಹರ್ಪಿಸ್‌ನಿಂದ ಗಬ್ಬ ಇಳಿದುಹೋಗುತ್ತದೆ. ಇಳಿದುಬಿದ್ದ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೇರೆ ಕುದುರೆ ಮೂಸದಂತೆ ನೋಡಿಕೊಳ್ಳಿ.

ಮಳೆಗಾಲದಲ್ಲಿ ಕುದುರೆ ಚೆನ್ನಾಗಿ ತಿಂದರೂ ಬಡವಾಗುತ್ತಿದೆ. ಏನಿದು?

ಸರ್ರಾ ಇರಬಹುದು. ರಕ್ತದಲ್ಲಿ ಬದುಕುವ ಪರೋಪಜೀವಿಯಿಂದ ಬರುತ್ತದೆ, ರಕ್ತ ಹೀರುವ ದೊಡ್ಡ ನೊಣಗಳು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಜ್ವರ ಬಂದು ಹೋಗಿ, ಬಂದು ಹೋಗಿ ಮಾಡುತ್ತದೆ. ವಸಡು ಬಿಳಿಚುತ್ತದೆ. ಕಾಲು, ಹೊಟ್ಟೆಯ ಕೆಳಗೆ ಬಾವು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಔಷಧ ಇದೆ, ಬೇಗ ಹಿಡಿದರೆ ಉಳಿಯುತ್ತದೆ. ದನ, ಎಮ್ಮೆಗಳು ಕಾಯಿಲೆ ತೋರಿಸದೆ ಇದನ್ನು ಮೈಯಲ್ಲಿ ಇಟ್ಟುಕೊಂಡಿರಬಹುದು. ಲದ್ದಿಯನ್ನು ದಿನಾ ದೂರ ಸಾಗಿಸಿ, ನಿಂತ ನೀರು ಹರಿಸಿ, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವವರು ಕುದುರೆಗೆ ಕೆಮ್ಮು ಬರದಷ್ಟು ದೂರದಲ್ಲಿ ಹಾಕಿ.

ಒಂದೇ ಸೂಜಿಯಲ್ಲಿ ಎರಡು ಕುದುರೆಗೆ ಚುಚ್ಚಬೇಡಿ. ಸರ್ರಾ ಮಾತ್ರ ಅಲ್ಲ, ಜೀವಮಾನವಿಡೀ ಬಿಡದ ಸಾಂಕ್ರಾಮಿಕ ರಕ್ತಹೀನತೆಯೂ ಹಾಗೇ ಹರಡುತ್ತದೆ.

ಮಂಡ್ಯದಲ್ಲಿ ಮೆದುಳು ಜ್ವರ ಇದೆಯಲ್ಲ, ಕುದುರೆಯಿಂದ ಬರುತ್ತಾ?

ಇಲ್ಲ. ದಯವಿಟ್ಟು ಕುದುರೆಯ ಮೇಲೆ ತಪ್ಪು ಹೊರಿಸಬೇಡಿ. ಜಪಾನೀಸ್ ಮೆದುಳು ಜ್ವರ ಮಂಡ್ಯ ಸೀಮೆಗೆ ಹೊಸದಲ್ಲ. ನಾಲೆ ನೀರಿನ ಭತ್ತದ ಗದ್ದೆಯಲ್ಲಿ ಹುಟ್ಟುವ ಸೊಳ್ಳೆ ಅದನ್ನು ಹರಡುತ್ತದೆ, ಹಂದಿ ಮತ್ತು ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ ವೈರಸ್ ಬೆಳೆಯುತ್ತದೆ. ಸೊಳ್ಳೆ ಕಚ್ಚಿ ಕುದುರೆಗೂ ರೋಗ ಬರಬಹುದು, ಮನುಷ್ಯರಿಗೂ ಬರಬಹುದು. ಆದರೆ ಕುದುರೆಯ ರಕ್ತದಲ್ಲಿ ವೈರಸ್ ಇನ್ನೊಂದು ಸೊಳ್ಳೆಗೆ ಅಂಟುವಷ್ಟು ಇರುವುದಿಲ್ಲ. ಗದ್ದೆ ಹತ್ತಿರ ಕುದುರೆ ಕಟ್ಟುವವರು ಸಂಜೆಯಿಂದ ಬೆಳಗಿನವರೆಗೆ ಸೊಳ್ಳೆಪರದೆ ಇರುವ ಕಡೆ ಕಟ್ಟಿ. ಕುದುರೆ ತೂರಾಡಿದರೆ, ದಿಕ್ಕು ತಪ್ಪಿದಂತೆ ಸುತ್ತಿದರೆ ಹತ್ತಿರ ಹೋಗದೆ ಡಾಕ್ಟರನ್ನು ಕರೆಯಿರಿ, ಹುಚ್ಚುನಾಯಿ ರೋಗದಲ್ಲೂ ಹೀಗೇ ಆಗುತ್ತದೆ.

ಹಸುಗಳ ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಕುದುರೆಗೆ ಬರುತ್ತಾ?

ಎರಡೂ ಬರುವುದಿಲ್ಲ. ಕಾಲುಬಾಯಿ ಜ್ವರ ಸೀಳುಗೊರಸಿನ ಪ್ರಾಣಿಗಳದ್ದು, ಕುದುರೆಯದ್ದು ಒಂಟಿ ಗೊರಸು. ಆದರೆ ಕಾಯಿಲೆ ಇರುವ ಕೊಟ್ಟಿಗೆಯಿಂದ ಬಂದ ಕುದುರೆಯ ಗೊರಸಿನ ಕೆಸರಿನಲ್ಲಿ, ಗಾಡಿಯ ಚಕ್ರದಲ್ಲಿ ಆ ವೈರಸ್ ಇನ್ನೊಂದು ಕೊಟ್ಟಿಗೆಗೆ ಹೋಗಬಹುದು. ಊರಿನಲ್ಲಿ ಕಾಲುಬಾಯಿ ಇದ್ದಾಗ ತೊಳೆಯದೆ ಹೊರಡಬೇಡಿ.

ಬೀದಿಯಲ್ಲಿ ಕತ್ತೆ ಹಾಲು ಮಾರುವವರು ಬರುತ್ತಾರೆ. ತೊಂದರೆ ಇದೆಯಾ?

ಊರೂರು ನಡೆದು ಬರುವ ಕತ್ತೆಗಳಿಗೆ ಪರೀಕ್ಷೆ ಆಗಿರುವುದು ಕಡಿಮೆ. ಕುದುರೆಯ ಬಹುಪಾಲು ರೋಗಗಳು ಕತ್ತೆಗೂ ಬರುತ್ತವೆ. ಅವರನ್ನು ಓಡಿಸಬೇಡಿ, ಅವರದೂ ಹೊಟ್ಟೆಪಾಡು. ನಿಮ್ಮ ತೊಟ್ಟಿಗೆ ಬಿಡದೆ ಬೇರೆ ಬಕೇಟಿನಲ್ಲಿ ನೀರು ಕೊಡಿ, ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸುವ ವಿಷಯ ತಿಳಿಸಿ.

ಕುದುರೆಯಿಂದ ನಮಗೆ ಏನೇನು ಅಂಟಬಹುದು?

ಗ್ಲ್ಯಾಂಡರ್ಸ್, ಹುಚ್ಚುನಾಯಿ ರೋಗ ಮುಖ್ಯವಾದವು. ಹುಳುಕಡ್ಡಿಯೂ ಅಂಟುತ್ತದೆ, ಅದು ಜೀನು, ಬ್ರಷ್ ಹಂಚಿಕೊಂಡರೆ ಕುದುರೆಗಳ ನಡುವೆ ಬೇಗ ಹರಡುತ್ತದೆ. ಕೈಯಲ್ಲಿ ಗಾಯ ಇದ್ದವರು ಕಾಯಿಲೆ ಕುದುರೆಯನ್ನು ಮುಟ್ಟಬಾರದು. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ನಿಮಗೆ ಜ್ವರ ಬಂದು ಆಸ್ಪತ್ರೆಗೆ ಹೋದರೆ, ಕುದುರೆ ಸಾಕುತ್ತೇನೆ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಕೇಳದೆ ಇದ್ದರೂ ಹೇಳಿ.

ಕುದುರೆ ದಿಢೀರನೆ ಸತ್ತರೆ?

ಕೊಯ್ಯಬೇಡಿ, ಚರ್ಮ ಸುಲಿಸಬೇಡಿ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನ. ಕೊಯ್ದರೆ ಆ ರೋಗಾಣು ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ. ನಾಯಿ, ಕಾಗೆ ಬರದಂತೆ ಮುಚ್ಚಿ, ಪಶುವೈದ್ಯರು ಬಂದು ನೋಡುವವರೆಗೆ ಕಾಯಿರಿ.

ಯಾರಿಗೆ ಫೋನ್ ಮಾಡಬೇಕು, ಏನು ಹೇಳಬೇಕು?

ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ, ಇಲ್ಲವೇ 1962ಕ್ಕೆ. ಇದು ಸಂಚಾರಿ ಪಶು ಚಿಕಿತ್ಸಾ ವಾಹನದ ಸಂಖ್ಯೆ. ಲ್ಯಾಬ್ ಪರೀಕ್ಷೆ ಬೇಕಾದರೆ ಎಲ್ಲಿಗೆ ಕಳಿಸಬೇಕು ಎಂದು ಅವರೇ ಹೇಳುತ್ತಾರೆ.

ಫೋನಿನಲ್ಲಿ ಇಷ್ಟು ಹೇಳಿ. ಎಷ್ಟು ಕುದುರೆ ಇವೆ, ಎಷ್ಟಕ್ಕೆ ಕಾಯಿಲೆ. ಜ್ವರ ಎಷ್ಟು, ಯಾವತ್ತಿನಿಂದ. ಮೂಗು ಒಂದು ಕಡೆ ಸೋರುತ್ತಿದೆಯಾ, ಎರಡೂ ಕಡೆಯಾ, ಯಾವ ಬಣ್ಣ. ಕಳೆದ ಮೂರು ವಾರದಲ್ಲಿ ಕುದುರೆ ಎಲ್ಲೆಲ್ಲಿ ಹೋಗಿತ್ತು, ಹೊಸ ಕುದುರೆ ಬಂದಿತ್ತಾ. ಯಾವ ಇಂಜೆಕ್ಷನ್ ಆಗಿದೆ. ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ. ನೋಟ್‌ಬುಕ್ ಕೈಯಲ್ಲಿ ಹಿಡಿದೇ ಫೋನ್ ಮಾಡಿ. ಗಂಟು, ಸಿಂಬಳದ ಫೋಟೋ ತೆಗೆದಿಟ್ಟುಕೊಂಡಿರಿ, ವೈದ್ಯರು ಕೇಳಿದರೆ ಕಳಿಸಬಹುದು. ಫೋನ್ ಇಟ್ಟ ಮೇಲೆ ಆ ವಾರ ನಿಮ್ಮ ಕುದುರೆಯ ಪಕ್ಕ ನಿಂತಿದ್ದ ಪ್ರತಿ ಕುದುರೆಯ ಮಾಲೀಕರಿಗೂ ಒಂದೊಂದು ಕರೆ ಮಾಡಿ.